ಹೇಳದ ಮೂರು ಅಂಶಗಳಿಗೆ ನನ್ನ ಉತ್ತರ

ಎದುರಿನವರ ಮಾತನ್ನು ಕಿವಿಗೊಟ್ಟು ಕೇಳುವವಳು ನಾನು ಎಂದು ನಂಬಿಕೊಂಡೇ ಐವತ್ತೆರಡು ವರ್ಷ ಕಳೆದೆ. ಆ ನಂಬಿಕೆ ನೆಲಕಚ್ಚಿದ್ದು ಒಂದು ಭಾನುವಾರ ಬೆಳಿಗ್ಗೆ, ಬಂಗುಡೆ ಶುಚಿ ಮಾಡುವಾಗ. ಆದ ಆಘಾತ ಎಷ್ಟೆಂದರೆ, ಕೈಯಲ್ಲಿದ್ದ ಮೀನು ಜಾರಿ ಬಿದ್ದದ್ದೂ ನನಗೆ ತಿಳಿಯಲಿಲ್ಲ. ಕಾದು ಕುಳಿತಿದ್ದ ಬೆಕ್ಕಿಗೆ ತಿಳಿಯಿತು. ಅಂದು ಅದಕ್ಕೆ ಹಬ್ಬ, ನಮಗೆ ಉಪ್ಪಿನಕಾಯಿ.

ನನ್ನ ನಂಬಿಕೆಗೆ ಆಧಾರವಿಲ್ಲದೆ ಇರಲಿಲ್ಲ. ಉಡುಪಿಯಿಂದ ದಿನಾ ಬಸ್ಸು ಹತ್ತಿ ಮಣಿಪಾಲಕ್ಕೆ ಹೋಗಿ, ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಎದುರು ಮೇಜಿನಲ್ಲಿ ಕುಳಿತು ಇಪ್ಪತ್ತು ವರ್ಷವಾಯಿತು. ಬಂದವರ ಹೆಸರು, ವಯಸ್ಸು, ನೋವು ಎಡಕ್ಕೋ ಬಲಕ್ಕೋ ಎಂದು ಕೇಳಿ ಬರೆದುಕೊಳ್ಳುವುದೇ ನನ್ನ ಕೆಲಸ. ಒಳಗೆ ಕುಳಿತ ಡಾಕ್ಟರು ರೋಗಿಯ ಬಾಯಿ ಪೂರ್ತಿ ತೆರೆಸಿ, ಅದರೊಳಗೆ ನಾಲ್ಕು ಉಪಕರಣ ತುರುಕಿದ ಮೇಲೆ ‘ಮಕ್ಕಳು ಎಂತ ಮಾಡ್ತಿದ್ದಾರೆ?’ ಎಂದು ವಿಚಾರಿಸುವವರು. ಅವರ ಪಕ್ಕದಲ್ಲಿ ಯಾರಿಗಾದರೂ ತಾನು ಒಳ್ಳೆಯ ಕೇಳುಗಾರ್ತಿ ಅನ್ನಿಸುವುದು ಸಹಜ.

ಇದು ಸಾಲದು ಎಂಬಂತೆ ನಾನು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ಘಟ್ಟದ ಮೇಲಿನ ಓದುಗರಿಗಾಗಿ ಒಂದು ಮಾತು: ಇದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹಾಡುತ್ತಾರೆ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದಕ್ಕೆ ತಕ್ಕ ಮಾತನ್ನು ಆಗಿಂದಾಗಲೇ ಕಟ್ಟಿ ವಾದಿಸುತ್ತಾರೆ. ಬಾಯಿಪಾಠ ಮಾಡಿದ ಸಂಭಾಷಣೆ ಇರುವುದಿಲ್ಲ. ಎದುರಿನವರು ಏನು ಹೇಳಿದರೋ ಅದನ್ನು ಹಿಡಿದೇ ಮುಂದಿನ ಮಾತು ಹುಟ್ಟಬೇಕು. ಅಂದರೆ ಇದು ಮಾತಿನ ಕಲೆ ಎನ್ನುವುದಕ್ಕಿಂತ ಕೇಳುವ ಕಲೆ. ಈ ವಾಕ್ಯವನ್ನು ನಾನೇ ಎರಡು ಶಾಲೆಗಳ ವಾರ್ಷಿಕೋತ್ಸವದಲ್ಲಿ ಭಾಷಣವಾಗಿ ಹೇಳಿದ್ದೇನೆ, ಶಾಲು ಹೊದೆಸಿಕೊಂಡಿದ್ದೇನೆ.

ನಮ್ಮದು ಹೆಂಗಸರ ಸಂಘ. ಅದರಲ್ಲಿ ನನ್ನ ಎದುರು ಸದಾ ಕುಳಿತುಕೊಳ್ಳುವವರು ಸುಮತಿಯಕ್ಕ. ಅಜೆಕಾರಿನವರು, ಪ್ರಾಥಮಿಕ ಶಾಲೆಯ ಟೀಚರಾಗಿ ನಿವೃತ್ತರಾದವರು, ನನಗಿಂತ ಹನ್ನೆರಡು ವರ್ಷ ದೊಡ್ಡವರು. ನನ್ನನ್ನು ಸಂಘಕ್ಕೆ ಎಳೆದು ತಂದದ್ದೂ, ಮೊದಲ ಕೂಟದಲ್ಲಿ ನಾನು ಗಡಗಡ ನಡುಗಿದಾಗ ಎದುರಿನಿಂದಲೇ ಮಾತಿನ ಎಳೆ ಕೊಟ್ಟು ದಡ ಸೇರಿಸಿದ್ದೂ ಅವರೇ. ಆಮೇಲೆ ನಾನು ಒಂದು ಉಪಾಯ ಕಂಡುಕೊಂಡೆ. ಹೇಳಬೇಕಾದ್ದನ್ನೆಲ್ಲ ಮನೆಯಲ್ಲೇ ನೋಟ್ ಪುಸ್ತಕದಲ್ಲಿ ಬರೆದು, ಉರುಹೊಡೆದು ಹೋಗುವುದು. ಎದುರಿನವರು ಮಾತನಾಡುವಾಗ ನಾನು ಕಣ್ಣು ಅರ್ಧ ಮುಚ್ಚಿ, ತಲೆ ತೂಗುತ್ತಾ, ಮನಸ್ಸಿನಲ್ಲಿ ನನ್ನ ಮುಂದಿನ ಪುಟ ತಿರುವುತ್ತಿರುತ್ತೇನೆ. ನೋಡಿದವರು ‘ಎಷ್ಟು ತನ್ಮಯತೆ!’ ಎನ್ನುತ್ತಾರೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ಅದಕ್ಕೂ ಮೂರು ತಿಂಗಳ ಹಿಂದೆ ಇನ್ನಂಜೆಯ ದೇವಸ್ಥಾನವೊಂದರ ಸಭಾಭವನದಲ್ಲಿ ಮಧ್ಯಾಹ್ನದ ಹೊತ್ತು ನಮ್ಮ ಕೂಟವಾಗಿತ್ತು. ಪ್ರಸಂಗದ ಹೆಸರು ಹೇಳುವುದಿಲ್ಲ, ಹೇಳಿದರೆ ಬಲ್ಲವರು ನನ್ನ ಅರ್ಥದಲ್ಲಿ ತಪ್ಪು ಹುಡುಕಿ ಫೋನ್ ಮಾಡಿಯಾರು. ನಾನು ಪಾಲು ಕೊಡಲೊಪ್ಪದ ಹಠಮಾರಿ ರಾಜ, ಸುಮತಿಯಕ್ಕ ಸಂಧಾನಕ್ಕೆ ಬಂದ ದೂತ. ಅಂದು ನನ್ನ ಮಾತಿಗೆ ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. ಯಾರೋ ಅದರ ರೆಕಾರ್ಡಿಂಗನ್ನು ತಡವಾಗಿ ಸಂಘದ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದರು. ಇಂಥವನ್ನು ಕೇಳುವಾಗ ನನ್ನದೊಂದು ಪದ್ಧತಿ ಉಂಟು. ನನ್ನ ಮಾತು ಬಂದಾಗ ಪೂರ್ತಿ ಕೇಳುತ್ತೇನೆ, ಎದುರಿನವರದು ಬಂದಾಗ ಬೆರಳಿನಿಂದ ಮುಂದಕ್ಕೆ ತಳ್ಳುತ್ತೇನೆ. ಆದರೆ ಆ ದಿನ ಎರಡು ಕೈಯೂ ಮೀನಿನ ನೀರಿನಲ್ಲಿ. ಫೋನು ಉಪ್ಪಿನ ಭರಣಿಗೆ ಒರಗಿ ನಿಂತಿತ್ತು. ಹೀಗೆ, ಬೇರೆ ದಾರಿಯಿಲ್ಲದೆ, ಸುಮತಿಯಕ್ಕನ ಮಾತು ಕೇಳಿದೆ.

ದೂತ ಹೇಳುತ್ತಾನೆ: “ರಾಜನೇ, ಬಹಳ ದೂರದಿಂದ ಬಂದಿದ್ದೇನೆ. ಯಾಕಾಗಿ ಬಂದೆ ಎನ್ನುವುದನ್ನು... ನೀನೇ ಒಮ್ಮೆ ಹೇಳುವೆಯಾ?”

ನಾನು ಗುಡುಗುತ್ತೇನೆ: “ಎಲೈ ದೂತ, ನಿನ್ನ ಮಾತಿನ ಚಾತುರ್ಯಕ್ಕೆ ಮರುಳಾಗುವವನಲ್ಲ ನಾನು!”

ಚಪ್ಪಾಳೆ. ಆಮೇಲೆ ಸುಮತಿಯಕ್ಕನ ದನಿ, ಮೊದಲಿಗಿಂತ ಸಣ್ಣದಾಗಿ: “ಚಾತುರ್ಯವಲ್ಲ ರಾಜ. ನಿಜವಾಗಿ ಕೇಳುತ್ತಿದ್ದೇನೆ. ನಾಲಗೆಗೆ ಬರುತ್ತಿಲ್ಲ. ನೆನಪಿಸು.”

ನಾನು: “ನೀನು ಈಗ ಮುಂದಿಟ್ಟ ಮೂರು ಅಂಶಗಳಿಗೂ ಉತ್ತರ ಕೊಡುತ್ತೇನೆ. ಕೇಳು!”

ದೂತ ಒಂದು ಅಂಶವನ್ನೂ ಹೇಳಿರಲಿಲ್ಲ. ಒಂದನೆಯದಾಗಿ ಎಂದು ನಾನು ಶುರುಮಾಡಿದ್ದೇನೆ, ಎರಡನೆಯದಾಗಿ ಎಂದು ಬೆಳೆಸಿದ್ದೇನೆ. ಮೂರನೆಯದಾಗಿ ಎನ್ನುವುದಕ್ಕೆ ಮುಂಚೆ, ಉಸಿರು ತೆಗೆದುಕೊಳ್ಳಲು ನಾನು ಬಿಟ್ಟ ಆ ಅರೆಗಳಿಗೆಯಲ್ಲಿ, ಮೈಕು ಒಂದು ಶಬ್ದವನ್ನು ಹಿಡಿದುಕೊಂಡಿದೆ.

“ಶಾಲಿನೀ...”

ಅದು ನನ್ನ ಹೆಸರು. ಕೂಟದಲ್ಲಿ ಕುಳಿತ ಮೇಲೆ ರಾಜ ರಾಜನೇ, ದೂತ ದೂತನೇ. ಎದುರಿನವರನ್ನು ಮನೆಯ ಹೆಸರು ಹಿಡಿದು ಕರೆಯುವುದೆಂದರೆ, ಪೂಜೆಯ ನಡುವೆ ಭಟ್ಟರು ಎದ್ದು ಹೊರಗೆ ಓಡಿದ ಹಾಗೆ. ನಲವತ್ತು ವರ್ಷ ಅರ್ಥ ಹೇಳಿದ ಸುಮತಿಯಕ್ಕ ಅಂಥ ಅಪಚಾರ ಮಾಡಬೇಕಾದರೆ ಅವರು ಮುಳುಗುತ್ತಿದ್ದರು ಎಂದೇ ಅರ್ಥ. ಎಲ್ಲ ಮರೆತುಹೋಗಿತ್ತು ಅವರಿಗೆ. ಮೂರು ಸಲ ಕೈ ಚಾಚಿದ್ದರು. ನಾನು ಮೂರು ಮೊಳದ ದೂರದಲ್ಲಿ ಕುಳಿತು “ಮೂರನೆಯದಾಗಿ” ಎಂದು ಮುಂದುವರಿಸಿದ್ದೆ. ಕೊನೆಗೆ ಭಾಗವತರೇ ಪದ ಎತ್ತಿ ಪ್ರಸಂಗವನ್ನು ದಾಟಿಸಿದ್ದಾರೆ.

ಕೈ ತೊಳೆದು ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಇನ್ನೂ ಒಮ್ಮೆ ಕೇಳಿದೆ. ಪ್ರತಿ ಸಲವೂ ನಾನು ಅದನ್ನೇ ಹೇಳುತ್ತಿದ್ದೆ. ಕೂಟದ ದಿನ ಹಿಂದೆ ಬರುವಾಗ ಕಾರಿನಲ್ಲಿ ಸುಮತಿಯಕ್ಕ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ‘ಹೇಗಾಯ್ತು ಅಕ್ಕ ನನ್ನದು?’ ಎಂದು ಕೇಳಿ, ಅವರ ಉತ್ತರಕ್ಕೂ ಕಾಯದೆ ಉಡುಪಿಯವರೆಗೆ ನಾನೇ ಮಾತಾಡಿದ್ದೆ. ಮರುದಿನದಿಂದ ಅವರು ಸಂಘಕ್ಕೆ ಬರಲಿಲ್ಲ. ‘ಗಂಟಲು ಸರಿ ಇಲ್ಲ’ ಎಂದಿದ್ದರಂತೆ. ನಾನು ಅದನ್ನೂ ನಂಬಿದ್ದೆ.

ಮನೆಯಲ್ಲಿ ಯಜಮಾನರಿಗೆ ರೆಕಾರ್ಡಿಂಗ್ ಕೇಳಿಸಿದೆ. ಅವರು ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಪೇಪರಿನಿಂದ ತಲೆಯೆತ್ತಿ, “ಅದರಲ್ಲಿ ಹೊಸತೆಂತ ಉಂಟು? ನೀನು ಹೌದಾ ಅಂದ್ರೆ ಕೇಳಲಿಲ್ಲ ಅಂತ. ಅಯ್ಯೋ ದೇವರೇ ಅಂದ್ರೆ ಅರ್ಧ ಕೇಳಿದಿ ಅಂತ. ಮುಖ್ಯ ವಿಷಯ ಇದ್ರೆ ನಾನು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸ್ತೇನಲ್ವಾ?” ಎಂದರು.

ಆ ಚೀಟಿಗಳು! ಇಪ್ಪತ್ತಾರು ವರ್ಷಗಳಿಂದ ಅವನ್ನು ನಾನು ಪ್ರೀತಿಯ ಗುರುತು ಎಂದು ಬಗೆದಿದ್ದೆ. ‘ಗ್ಯಾಸ್ ಬುಕ್ ಮಾಡಿದೆ’, ‘ಅಮ್ಮನ ಕಾಲುನೋವು ಜಾಸ್ತಿ’ ಎಂಬ ಸಾಲುಗಳಲ್ಲಿ ಮಿತಭಾಷಿಯೊಬ್ಬನ ಒಲವನ್ನು ಕಂಡು ಗೆಳತಿಯರ ಹತ್ತಿರ ಹೇಳಿಕೊಂಡಿದ್ದೆ. ಮನುಷ್ಯ ಬರೆಯುತ್ತಿದ್ದದ್ದು ನಾನು ಕೇಳುವುದಿಲ್ಲವಲ್ಲ ಎಂದು. “ಹೌದಾ?” ಎಂದೆ. ಅವರು ನಕ್ಕು ಪೇಪರಿಗೆ ಮರಳಿದರು.

ಭಕ್ತಿಯಲ್ಲಿ ಒಂಬತ್ತು ವಿಧ ಎನ್ನುತ್ತಾರೆ. ಮೊದಲನೆಯದು ಶ್ರವಣ, ಎರಡನೆಯದು ಕೀರ್ತನ. ಕೇಳಿಯಾದ ಮೇಲೆ ಹಾಡು ಎಂದು ಹಿರಿಯರು ಕ್ರಮ ಹಾಕಿಕೊಟ್ಟಿದ್ದಾರೆ. ಆದರೆ ನಮ್ಮಲ್ಲಿ ಭಜನಾ ಸ್ಪರ್ಧೆ ಉಂಟು, ಭಾಷಣ ಸ್ಪರ್ಧೆ ಉಂಟು, ಚರ್ಚಾ ಸ್ಪರ್ಧೆ ಉಂಟು. ಕೇಳುವ ಸ್ಪರ್ಧೆ ಎಲ್ಲಾದರೂ ನಡೆದದ್ದು ಉಂಟೇ? ಪ್ರಥಮ ಬಹುಮಾನ, ಕೊನೆಯವರೆಗೆ ಬಾಯಿ ಮುಚ್ಚಿ ಕುಳಿತ ಇಂಥವರಿಗೆ ಎಂದು ಯಾರೂ ಸ್ಟೀಲ್ ಬಟ್ಟಲು ಕೊಟ್ಟಿಲ್ಲ. ನಮ್ಮ ಅಜ್ಜಿ ಕತೆ ಹೇಳುವಾಗ ಮಾತ್ರ ಒಂದು ಕಟ್ಟುನಿಟ್ಟಿತ್ತು. ನಾವು ‘ಹ್ಞೂಂ’ ಎನ್ನುತ್ತಿರಬೇಕು, ಹ್ಞೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ನನಗೆ ಅನ್ನಿಸುವುದು, ನಾನು ಆ ಪಾಠದಲ್ಲಿ ಹ್ಞೂಂ ಒಂದನ್ನೇ ಕಲಿತು ಕತೆಯನ್ನು ಬಿಟ್ಟುಬಿಟ್ಟೆ.

ಹೀಗೆಲ್ಲ ಮೂರು ದಿನ ಒದ್ದಾಡಿ, ನಾಲ್ಕನೆಯ ದಿನ ರಜೆ ಹಾಕಿ ಅಜೆಕಾರಿಗೆ ಹೊರಟೆ. ಸುಮತಿಯಕ್ಕನ ಕಾಲಿಗೆ ಬೀಳುವುದೆಂದು ತೀರ್ಮಾನಿಸಿದ್ದೆ. ಬಸ್ಸಿನಲ್ಲಿ ಕುಳಿತು ಕ್ಷಮೆ ಕೇಳುವ ಮಾತುಗಳನ್ನು ಜೋಡಿಸತೊಡಗಿದೆ. ಕಂಡಕ್ಟರ್ ಬಂದು ಏನೋ ಕೇಳಿದ. “ತಪ್ಪಾಯ್ತು” ಎಂದೆ.

“ತಪ್ಪು ಎಂತದ್ದು ಅಕ್ಕ? ಎಲ್ಲಿಗೆ ಅಂತ ಕೇಳಿದ್ದು” ಎಂದ.

ಕಾರ್ಕಳದಲ್ಲಿ ಬಸ್ಸು ಬದಲಿಸುವಷ್ಟರಲ್ಲಿ ಪೀಠಿಕೆ ತಯಾರಾಗಿತ್ತು. ಅಜೆಕಾರಿನಲ್ಲಿ ಇಳಿಯುವಾಗ ಇಡೀ ಭಾಷಣ ನಾಲಗೆಯ ತುದಿಯಲ್ಲಿತ್ತು. ಸುಮತಿಯಕ್ಕ ಅಂಗಳದ ಆಚೆ, ಜಗಲಿಯಲ್ಲಿ ನಿಂತಿದ್ದರು. ನನ್ನನ್ನು ಕಂಡು ಕೈ ಎತ್ತಿ ಏನೋ ಕೂಗಿದರು. ನನ್ನ ಕಣ್ಣು ತುಂಬಿ ಬಂತು. ‘ಅಕ್ಕ, ಆ ದಿನ ನಾನು ನಿಮಗೆ ಮಾಡಿದ್ದು’ ಎಂದು ಶುರುಮಾಡಿ ನೇರ ಅವರ ಕಡೆ ನಡೆದೆ. ಅವರು ಮತ್ತೆ ಕೈ ಬೀಸಿ ಕೂಗಿದರು. ನಾನು ಎರಡನೆಯ ವಾಕ್ಯಕ್ಕೆ ಹೋದೆ. ಮೂರನೆಯ ಸಲ ಅವರು ಕೂಗಿದ್ದು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಮನೆಯ ನಾಯಿ ಬೊಗಳಿತು.

“ಹಪ್ಪಳ! ಹಪ್ಪಳ ಮಾರಾಯ್ತೀ! ಹಪ್ಪಳದ ಮೇಲೆ ಹೋಗ್ತಾ ಇದ್ದಿ!”

ಕೆಳಗೆ ನೋಡಿದೆ. ಅಂಗಳದ ಉದ್ದಕ್ಕೂ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಲು ಇಟ್ಟಿದ್ದರು. ನಾನು ಚಪ್ಪಲಿ ಹಾಕಿಕೊಂಡು ಸರಿಯಾಗಿ ನಡುಮಧ್ಯದಲ್ಲಿ ನಿಂತಿದ್ದೆ. ಹಿಂದೆ ನನ್ನ ಹೆಜ್ಜೆ ಬಿದ್ದ ಹಪ್ಪಳಗಳ ಸಾಲು.

ಕ್ಷಮೆ ಕೇಳಲು ಬಂದವಳು ಕ್ಷಮೆ ಕೇಳುತ್ತಲೇ ಅದೇ ತಪ್ಪನ್ನು ಮಾಡಿದ್ದೆ. ಇಷ್ಟು ಬೇಗ, ಇಷ್ಟು ಚೆನ್ನಾಗಿ ನನ್ನ ಬಣ್ಣ ಬಯಲಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಜೋಡಿಸಿಕೊಂಡ ಭಾಷಣವೆಲ್ಲ ಹಾರಿಹೋಯಿತು. ಸುಮತಿಯಕ್ಕ ಸೊಂಟಕ್ಕೆ ಕೈಕೊಟ್ಟು ನನ್ನನ್ನು ನೋಡಿದರು, ಹಪ್ಪಳ ನೋಡಿದರು, ಮತ್ತೆ ನನ್ನನ್ನು ನೋಡಿ ಜಗಲಿಯ ಮೇಲೆ ಕುಳಿತು ನಗತೊಡಗಿದರು.

ಹಾಳಾದ ಹಪ್ಪಳ ಹೆಕ್ಕಿದೆವು. ಹಲಸಿನ ಹಿಟ್ಟು ಇನ್ನೂ ಉಳಿದಿತ್ತು, ಆದ್ದರಿಂದ ಒಳಗೆ ಕುಳಿತು ಅವರು ಉಂಡೆ ಮಾಡಿಕೊಟ್ಟರು, ನಾನು ಒತ್ತಿದೆ. ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಹಾಗಾಗಿ ಅವರು ಹೇಳಿದರು.

“ಆ ದಿನ ಎದುರು ನೋಡಿದೆ. ಅಷ್ಟು ಜನ. ಒಮ್ಮೆಲೇ ಎಲ್ಲ ಬೆಳ್ಳಗೆ. ಪ್ರಸಂಗ ಯಾವುದು ಅಂತಲೂ ಗೊತ್ತಿಲ್ಲ. ಆದ್ರೂ ಹೆದರಿಕೆ ಆಗ್ಲಿಲ್ಲ ಗೊತ್ತುಂಟಾ? ಎದುರು ನೀನಿದ್ದಿ ಅಲ್ವಾ, ಎತ್ತಿ ಕೊಡ್ತಿ ಅಂತ. ಆಮೇಲೆ ಹೆದರಿಕೆ ಆಯ್ತು.”

ನಾನು ತಲೆ ಎತ್ತಲಿಲ್ಲ. ಹಪ್ಪಳ ಒತ್ತಿದೆ.

“ಮಣಿಪಾಲಕ್ಕೆ ಹೋಗಿ ತಲೆಯ ಪರೀಕ್ಷೆ ಎಲ್ಲ ಮಾಡಿಸಿದೆ. ದೊಡ್ಡದು ಎಂತದೂ ಇಲ್ವಂತೆ. ಪ್ರೆಶರಿನ ಮಾತ್ರೆ ಬದಲಿಸಿ ಕೊಟ್ಟಿದ್ದಾರೆ. ಆ ದಿನ ನಿನ್ನ ಕ್ಲಿನಿಕ್ಕಿಗೂ ಬಂದಿದ್ದೆ.”

“ಯಾವಾಗ?” ಎಂದೆ.

“ಬಂದು ನಿನ್ನ ಮೇಜಿನ ಎದುರೇ ನಿಂತೆ. ನೀನು ಬರೀತಾ ಇದ್ದಿ. ತಲೆ ಎತ್ಲಿಲ್ಲ. ಟೋಕನ್ ತಗೊಂಡು ಕೂತ್ಕೊಳ್ಳಿ ಅಂದಿ. ನಾನು ಟೋಕನ್ ತಗೊಂಡು ಅರ್ಧ ಗಂಟೆ ಕೂತೆ. ಹಲ್ಲು ಎಲ್ಲ ಸರಿ ಉಂಟು, ಒಳಗೆ ಹೋಗಿ ಎಂತ ಮಾಡುದು? ಎದ್ದು ಬಂದೆ.”

ಇದನ್ನು ಹೇಳಿ ಅವರು ನಕ್ಕರು. ನನಗೆ ನಗಲು ಆಗಲಿಲ್ಲ. ಭಯದಿಂದ ಕಂಗೆಟ್ಟು, ಹೇಳಿಕೊಳ್ಳಲು ಒಬ್ಬರು ಬೇಕೆಂದು ಬಂದವರಿಗೆ ನಾನು ನಂಬರು ಕೊಟ್ಟು ಬೆಂಚಿನಲ್ಲಿ ಕೂರಿಸಿದ್ದೆ! ರೆಕಾರ್ಡಿಂಗ್ ಕೇಳಿದ್ದು ಒಂದು ಏಟಾದರೆ ಇದು ಅದಕ್ಕಿಂತ ದೊಡ್ಡದು. ನಾಚಿಕೆಯಿಂದ ಅತ್ತೆ. ಹಿಟ್ಟಿನ ಕೈಯಲ್ಲಿ ಕಣ್ಣು ಒರೆಸಿಕೊಂಡದ್ದರಿಂದ ಇನ್ನೂ ಸ್ವಲ್ಪ ಹೆಚ್ಚು ಅಳಬೇಕಾಯಿತು. ಹಪ್ಪಳದ ಹಿಟ್ಟಿಗೆ ಮೆಣಸು ಹಾಕಿರುತ್ತಾರೆ.

“ಇನ್ನು ನನಗೆ ಅರ್ಥ ಹೇಳುದು ಬೇಡ” ಎಂದರು ಅವರು. “ನಲವತ್ತು ವರ್ಷ ಹೇಳಿಯಾಯ್ತು. ನಾಲ್ಕು ಜನರ ಎದುರು ಬಾಯಿ ಬಿಟ್ಟು ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಹಳೆಯ ನಾನಾಗಿದ್ದರೆ ಒಂದನೆಯದಾಗಿ, ಎರಡನೆಯದಾಗಿ ಎಂದು ಶುರುಮಾಡುತ್ತಿದ್ದೆ. ಆ ದಿನ ಬಾಯಿ ಬಿಡಲು ಧೈರ್ಯ ಬರಲಿಲ್ಲ. ಅವರು ಮೊದಲ ಸಲ ದೂತನ ಅರ್ಥ ಹೇಳಿದ್ದು, ಹೆಂಗಸು ಕೂಟದಲ್ಲಿ ಕೂರುವುದಾ ಎಂದು ಊರವರು ಆಡಿದ್ದು, ಅವರ ಗಂಡ ಕೊನೆಯ ಸಾಲಿನಲ್ಲಿ ನಿಂತು ಕದ್ದು ಕೇಳುತ್ತಿದ್ದದ್ದು, ಎಲ್ಲ ಹೇಳಿದರು. ಇಷ್ಟು ವರ್ಷಗಳ ಸ್ನೇಹದಲ್ಲಿ ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಬಹುಶಃ ಮೊದಲೇ ಹೇಳಿದ್ದರು, ನಾನು ಹೌದಾ ಎಂದಿದ್ದೆ.

ಸಂಜೆಯ ಬಸ್ಸಿಗೆ ಹೊರಟಾಗ ಗೇಟಿನವರೆಗೆ ಬಂದರು. “ಆಟಿ ತಿಂಗಳಲ್ಲಿ ಕಾಪುವಿನಲ್ಲಿ ಕೂಟ ಉಂಟಂತೆ?” ಎಂದು ಕೇಳಿದರು. ಹೌದು ಎಂದೆ.

“ಒಂದು ಸಲ ಬಂದು ನೋಡ್ತೇನೆ. ಅದೇ ಪ್ರಸಂಗ ಇಡಲಿ. ಎದುರು ನೀನೇ ಕೂರ್ಬೇಕು. ಆದ್ರೆ ಆ ನೋಟ್ ಪುಸ್ತಕ ಮನೆಯಲ್ಲಿ ಬಿಟ್ಟು ಬಾ. ನಾನು ಮರೆತ್ರೆ ನಿನಗೆ ಗೊತ್ತಾಗ್ಬೇಕು. ಅಷ್ಟೇ.”

ಮುಂದಿನ ದಿನಗಳ ನನ್ನ ಸ್ಥಿತಿ ಕೇಳಬೇಡಿ. ತಯಾರಿ ಮಾಡಬಾರದು ಎನ್ನುವುದಕ್ಕಿಂತ ಕಷ್ಟದ ತಯಾರಿ ಇಲ್ಲ. ಬಾಯಿಪಾಠವಿಲ್ಲದೆ ವೇದಿಕೆ ಹತ್ತುವುದೆಂದರೆ ನನಗೆ ಸೆರಗಿಲ್ಲದೆ ಹೊರಟ ಹಾಗೆ. ಕೂಟದ ದಿನ ಕಾಪುವಿನ ಶಾಲೆಯ ಹಾಲಿನ ಹೊರಗೆ ಮಳೆ ಜಡಿಯುತ್ತಿತ್ತು, ಒಳಗೆ ಚೆಂಡೆ ಮದ್ದಳೆ. ನನ್ನ ತಲೆಯೊಳಗೆ ಒಂದು ವಾಕ್ಯವೂ ಇರಲಿಲ್ಲ. ಬೇರೆ ಕೆಲಸವಿಲ್ಲದೆ ಸುಮತಿಯಕ್ಕನನ್ನು ನೋಡುತ್ತಾ ಕುಳಿತೆ. ಆಗ ಕಂಡದ್ದೇನೆಂದರೆ, ಅವರು ಮಾತು ಮುಗಿಸುವ ಮುಂಚೆ ಹುಬ್ಬು ಸ್ವಲ್ಪ ಎತ್ತುತ್ತಾರೆ. ಎಡಗೈ ಮಾತಿಗೆ ತಾಳ ಹಾಕುತ್ತಿರುತ್ತದೆ. ಇಷ್ಟು ಕಾಲ ಎದುರು ಕುಳಿತವಳಿಗೆ ಇದೂ ಹೊಸತು.

ಅರ್ಧ ಗಂಟೆ ಚೆನ್ನಾಗಿ ನಡೆಯಿತು. “ರಾಜನೇ, ನಿನ್ನ ಸಭೆಗೆ ಬಂದ ನಾನು” ಎಂದವರು ಅಲ್ಲಿಗೇ ನಿಂತರು. ಎಡಗೈಯ ತಾಳ ನಿಂತಿತು. ಬೆರಳುಗಳು ಸೆರಗನ್ನು ಸುರುಟತೊಡಗಿದವು. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು.

ರಾಜ ಬಾಯಿಬಿಟ್ಟ: “ಏಕೆ ತಡೆದೆ, ದೂತ? ಕಾಡಿನಲ್ಲಿ ಅಲೆದು ಬಂದವರ ಪಾಲು ಕೇಳಲು ಬಂದವನು ನೀನು. ಕೊಟ್ಟ ಮಾತನ್ನು ನಾನು ಮುರಿದೆ ಎನ್ನಲು ಬಂದವನು. ಅಣ್ಣತಮ್ಮಂದಿರ ಹಕ್ಕು ಎನ್ನಲು ಬಂದವನು. ಕೇಳು, ನಾನು ಕಿವಿ ಮುಚ್ಚಿಕೊಂಡಿಲ್ಲ.”

ಸುಮತಿಯಕ್ಕ ನನ್ನ ಮುಖವನ್ನೇ ನೋಡಿದರು. ಸೆರಗು ಬಿಟ್ಟರು. “ಹೌದು ರಾಜ, ಕೇಳುತ್ತೇನೆ” ಎಂದು ಹಿಡಿದರು ನೋಡಿ! ಇಪ್ಪತ್ತು ನಿಮಿಷ ಹಾಲಿನಲ್ಲಿ ಬೇರೆ ಸದ್ದಿಲ್ಲ, ಮಳೆಯೂ ಯಾರಿಗೂ ಕೇಳಿಸಲಿಲ್ಲ. ಆ ವಾದಕ್ಕೆ ಉತ್ತರವಿಲ್ಲದೆ ರಾಜ ತಡವರಿಸಿದ, ಎರಡು ಕಡೆ ತೊದಲಿದ, ಕೊನೆಗೆ ಸಿಟ್ಟು ಮಾಡಿಕೊಂಡು ಸಭೆ ಮುಗಿಸಿದ. ಚಪ್ಪಾಳೆ ಪೂರ್ತಿ ಸುಮತಿಯಕ್ಕನಿಗೆ. ಜನ ಅವರನ್ನು ಸುತ್ತುವರಿದು, ಮುಂದಿನ ಕೂಟ ಯಾವಾಗ ಎಂದು ಕೇಳುತ್ತಿದ್ದರು. ಅವರು ಕ್ಯಾಲೆಂಡರ್ ತರಿಸಿ ನೋಡುತ್ತಿದ್ದರು.

ಚಾದ ಲೋಟ ಹಿಡಿದು ಮೂಲೆಯಲ್ಲಿ ನಿಂತಿದ್ದ ನನ್ನ ಬಳಿಗೆ ಮಟ್ಟು ಊರಿನ ಹಿರಿಯರೊಬ್ಬರು ಬಂದರು. ತಾಳಮದ್ದಳೆಯೆಂದರೆ ಮಳೆಯೋ ಬಿಸಿಲೋ ನೋಡದೆ ಬರುವವರು, ಎಲ್ಲ ಪ್ರಸಂಗ ಬಲ್ಲವರು. ಅವರ ಮುಖದಲ್ಲಿ ನಿಜವಾದ ಕಳವಳವಿತ್ತು.

“ಎಂತ ಮಾರಾಯ್ರೆ, ಇವತ್ತು ನಿಮಗೆ ಎಂತ ಆಯ್ತು? ದೂತ ಹೇಳ್ಬೇಕಾದ ಪಾಯಿಂಟೆಲ್ಲ ರಾಜನೇ ಎತ್ತಿ ಕೊಡುದಾ? ಹೊಸಬರೂ ಮಾಡದ ತಪ್ಪು ಅದು. ಇನ್ನಂಜೆಯಲ್ಲಿ ಎಷ್ಟು ಚಂದ ಹೇಳಿದ್ರಿ! ಮನೆಯಲ್ಲಿ ಸ್ವಲ್ಪ ಓದಿಕೊಂಡು ಬನ್ನಿ, ಆಯ್ತಾ?”

ಆಯ್ತು ಎಂದೆ. ರಾಜನಾದವನು ಹೇಗೆ ಉತ್ತರ ಕೊಡಬೇಕು, ಎದುರಿನವರಿಗೆ ಎಳೆ ಸಿಗದ ಹಾಗೆ ಹೇಗೆ ನೋಡಿಕೊಳ್ಳಬೇಕು ಎಂದು ಅವರು ಕಾಲು ಗಂಟೆ ನಿಂತು ವಿವರಿಸಿದರು. ಪೂರ್ತಿ ಕೇಳಿದೆ. ಬಿಸಿ ಗೋಳಿಬಜೆಯ ತಟ್ಟೆ ನಮ್ಮನ್ನು ದಾಟಿ ಹೋದಾಗ ಒಂದು ವಾಕ್ಯ ತಪ್ಪಿತು. ಹೌದಾ ಎನ್ನಲು ಬಾಯಿ ತೆರೆದವಳು ತಡೆದು, ಇನ್ನೊಮ್ಮೆ ಹೇಳಿ ಎಂದು ಕೇಳಿದೆ.